ಎಸಿಗೆ ಗಂಟೆ ಲೆಕ್ಕ, ಕಿಲೋಮೀಟರ್ ಲೆಕ್ಕವಲ್ಲ

ಕಳೆದ ಸಂಚಿಕೆಯಲ್ಲಿ ಮಾತಿನ ಮಧ್ಯೆ ‘ನನ್ನದು ಬೇಸ್ ಮಾಡೆಲ್ ಎಲೆಕ್ಟ್ರಿಕ್ ಕಾರು’ ಎಂದು ಬರೆದುಬಿಟ್ಟಿದ್ದೆ. ಈ ಸಲದ ಟಪಾಲಿನಲ್ಲಿ ಬಂದದ್ದೆಲ್ಲ ಅದರದ್ದೇ ಪ್ರಶ್ನೆ. ಹೊಸದಾಗಿ ಓದುತ್ತಿರುವವರಿಗೆ ಹೇಳುತ್ತೇನೆ: ನಾನು 31 ವರ್ಷ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು, ಈಗ ತುಮಕೂರಿನ ಮನೆಯಲ್ಲಿದ್ದೇನೆ. 2023ರಲ್ಲಿ ಪಿಎಫ್ ದುಡ್ಡಿನಲ್ಲಿ ಸಣ್ಣ ಕಾರು ತೆಗೆದುಕೊಂಡೆ, ಬ್ಯಾಟರಿ 20 ಯೂನಿಟ್‌ಗೆ ಸ್ವಲ್ಪ ಕಡಿಮೆ. ‘ಅಪ್ಪ, ಇನ್ನೊಂದಿಷ್ಟು ದುಡ್ಡು ಹಾಕಿದ್ರೆ ಬ್ಯಾಟರಿ ವಿಚಾರ ಎಲ್ಲ ಮೊಬೈಲಲ್ಲೇ ಕಾಣುತ್ತೆ’ ಅಂದ ಮಗ. ಹಾಕಲಿಲ್ಲ. ಹಾಗಾಗಿ ನನ್ನ ಕಾರಿನಲ್ಲಿ ಕಾಣುವುದು ಮೂರೇ: ಶೇಕಡಾವಾರು ಚಾರ್ಜ್, ‘ಇನ್ನೂ ಇಷ್ಟು ಕಿಲೋಮೀಟರ್ ಹೋಗಬಹುದು’ ಎಂಬ ಅಂದಾಜು, ಮತ್ತು ಓಡಿದ ಕಿಲೋಮೀಟರ್. ಉಳಿದದ್ದಕ್ಕೆ ಬಾಗಿಲಿನ ಖಾನೆಯಲ್ಲಿ 200 ಪುಟದ ಒಂದು ನೋಟ್‌ಬುಕ್ ಇದೆ.

ಅಂದಹಾಗೆ, ಕಿಲೋವ್ಯಾಟ್ ಅವರ್ ಎಂದು ಬರೆದಿರುವುದನ್ನೆಲ್ಲ ನಾನು ಯೂನಿಟ್ ಎಂದೇ ಹೇಳುತ್ತೇನೆ. ಕರೆಂಟ್ ಬಿಲ್ಲಿನಲ್ಲಿರುವ ಯೂನಿಟ್ಟೇ ಅದು: ಒಂದು ಕಿಲೋವ್ಯಾಟ್ ಎಳೆಯುವ ಯಂತ್ರ ಒಂದು ಗಂಟೆ ಓಡಿದರೆ ಒಂದು ಯೂನಿಟ್.

ಪ್ರಶ್ನೆ: ದಾಸರಹಳ್ಳಿಯಲ್ಲಿ ಮನೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಎಸಿ ಹಾಕಿದರೆ ಫುಲ್ ಚಾರ್ಜಿನಲ್ಲಿ 10 ಕಿಲೋಮೀಟರ್ ಕಡಿಮೆಯಾಗುತ್ತದೆ ಎಂದು ಒಬ್ಬ ಸ್ನೇಹಿತ, 60 ಕಡಿಮೆಯಾಗುತ್ತದೆ ಎಂದು ಇನ್ನೊಬ್ಬ. ಯಾರನ್ನು ನಂಬಲಿ? (ಓದುಗರು, ಬೆಂಗಳೂರು)

ಇಬ್ಬರನ್ನೂ ನಂಬಿ. ಒಬ್ಬರು ಹೈವೇಯಲ್ಲಿ ಓಡಿಸುವವರು, ಇನ್ನೊಬ್ಬರು ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನಿಲ್ಲುವವರು.

ಮೋಟಾರು ಕರೆಂಟು ತಿನ್ನುವುದು ಗಾಡಿ ಚಲಿಸಿದಾಗ. ಎಸಿ ಹಾಗಲ್ಲ, ಅದು ಮನೆಬಾಡಿಗೆಯ ಹಾಗೆ, ನೀವು ಮನೆಯಲ್ಲಿದ್ದರೂ ಊರಿಗೆ ಹೋದರೂ ಕೊಡಲೇಬೇಕು. ಬಿಸಿಲಲ್ಲಿ ನಿಂತಿದ್ದ ಸಣ್ಣ ಕಾರು ತಣ್ಣಗಾಗುವವರೆಗೆ ಕಂಪ್ರೆಸರ್ ಎರಡು ಕಿಲೋವ್ಯಾಟ್ ಅಥವಾ ಇನ್ನೂ ಹೆಚ್ಚು ಎಳೆಯುತ್ತದೆ. ಒಳಗೆ ತಂಪು ಕೂತ ಮೇಲೆ ಮುಕ್ಕಾಲು ಕಿಲೋವ್ಯಾಟಿನ ಸುತ್ತಮುತ್ತ ನಿಲ್ಲುತ್ತದೆ. ನನ್ನ ನೋಟ್‌ಬುಕ್ಕಿನಿಂದಲೇ ಲೆಕ್ಕ ಕೊಡುತ್ತೇನೆ. ತುಮಕೂರಿನಿಂದ ಕ್ಯಾತಸಂದ್ರ, ದಾಬಸ್‌ಪೇಟೆ ದಾಟಿ ನೆಲಮಂಗಲದವರೆಗೆ ಹೆಚ್ಚುಕಡಿಮೆ ಒಂದು ಗಂಟೆ. ಎಸಿ ತಿಂದದ್ದು ಮುಕ್ಕಾಲು ಯೂನಿಟ್ಟು, ಮೋಟಾರು ತಿಂದದ್ದು ಐದೂವರೆ. ನೆಲಮಂಗಲದಿಂದ ಒಳಗೆ ಮಗಳ ಮನೆಗೆ ಇನ್ನೂ 22 ಕಿಲೋಮೀಟರ್. ಶುಕ್ರವಾರ ಸಂಜೆ ಹೋದರೆ ಅದಕ್ಕೆ ಒಂದೂವರೆ ಗಂಟೆ. ಅಲ್ಲಿ ಮೋಟಾರಿಗೆ ಎರಡು ಯೂನಿಟ್ಟು, ಎಸಿಗೆ ಒಂದು ಯೂನಿಟ್ಟಿಗೂ ಹೆಚ್ಚು. ಅರ್ಧಕ್ಕಿಂತ ಕಡಿಮೆ ದಾರಿಗೆ ಎಸಿ ಒಂದೂವರೆ ಪಟ್ಟು ತಿಂದಿತು. ಆದ್ದರಿಂದ ಎಸಿ ಹಾಕಿದರೆ ಎಷ್ಟು ಕಿಲೋಮೀಟರ್ ಕಡಿಮೆ ಎಂದು ಕೇಳಬೇಡಿ. ಇವತ್ತು ಎಷ್ಟು ಹೊತ್ತು ಗಾಡಿಯಲ್ಲಿ ಕೂರುತ್ತೀರಿ ಎಂದು ನೋಡಿ, ಗಂಟೆಗೆ ಒಂದು ಯೂನಿಟ್ ತೆಗೆದಿಡಿ. ಒಂದು ಯೂನಿಟ್ಟೆಂದರೆ ಎಂಟು ಕಿಲೋಮೀಟರ್ ಎಂದಿಟ್ಟುಕೊಳ್ಳಿ. ನಿಮ್ಮ ಮನೆಯಿಂದ ಆಫೀಸಿಗೆ ಹೋಗಿಬರಲು ನಾಲ್ಕು ಗಂಟೆ ಹಿಡಿಯುವ ದಿನವೂ ಇರುತ್ತದೆ, ಆವತ್ತು 32 ಕಿಲೋಮೀಟರ್ ಹೋಯಿತು.

ಕಂಪನಿ ಹೇಳುವ ಲೆಕ್ಕಕ್ಕೂ ಇದಕ್ಕೂ ತಾಳೆಯಾಗುವುದಿಲ್ಲ ಎಂದು ಬಹಳ ಜನ ಬರೆದಿದ್ದಾರೆ. ಟಾಟಾ ಟಿಯಾಗೊ ಇವಿ 2022ರಲ್ಲಿ ಬಂದಾಗ 19.2 ಯೂನಿಟ್ ಬ್ಯಾಟರಿಗೆ ಹೇಳಿದ್ದು 250 ಕಿಲೋಮೀಟರ್. ಮರುವರ್ಷ ಬಂದ ಎಂಜಿ ಕಾಮೆಟ್ 17.3 ಯೂನಿಟ್ಟಿಗೆ 230 ಎಂದಿತು. ಅಂದರೆ ಯೂನಿಟ್ಟಿಗೆ 13 ಕಿಲೋಮೀಟರ್. ಅದು ಪ್ರಯೋಗಶಾಲೆಯ ಉರುಳೆಯ ಮೇಲೆ, ಎಸಿ ಆರಿಸಿ, ನಿಧಾನವಾಗಿ ಓಡಿಸಿ ತೆಗೆದ ಅಂಕಿ. ಒಂದು ಕಾರಿಗೂ ಇನ್ನೊಂದಕ್ಕೂ ಹೋಲಿಸಿ ನೋಡಲು ಅದು ಸರಿ, ಊರಿಗೆ ಹೊರಡುವಾಗ ಲೆಕ್ಕ ಹಾಕಲು ಅಲ್ಲ. ಪೆಟ್ರೋಲ್ ಕಾರಿನಲ್ಲೂ ಎಸಿ ತಿನ್ನುತ್ತಲೇ ಇತ್ತು. ಮುಳ್ಳು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಬೇಸ್ ಮಾಡೆಲ್‌ನವರಿಗೆಂದೇ ಒಂದು ಮಾತು. ನಮ್ಮದರಲ್ಲಿ 24 ಡಿಗ್ರಿ ಎಂದು ಒತ್ತುವ ಬಟನ್ ಇರುವುದಿಲ್ಲ, ನೀಲಿಯಿಂದ ಕೆಂಪಿಗೆ ತಿರುಗುವ ಗುಂಡಿ ಇರುತ್ತದೆ. ಪೆಟ್ರೋಲ್ ಕಾರಿನಲ್ಲಿ ಚಳಿಯಾದರೆ ಗುಂಡಿಯನ್ನು ಸ್ವಲ್ಪ ಕೆಂಪಿನ ಕಡೆ ತಿರುಗಿಸುವುದು ಎಲ್ಲರ ಅಭ್ಯಾಸ. ಅಲ್ಲಿ ಬರುವುದು ಎಂಜಿನ್ನಿನ ಬಿಟ್ಟಿ ಶಾಖ. ಎಲೆಕ್ಟ್ರಿಕ್ ಕಾರಿನಲ್ಲಿ ಹಾಗೆ ತಿರುಗಿಸಿದರೆ ಬಹಳ ಗಾಡಿಗಳಲ್ಲಿ ಹೀಟರ್ ಹೊತ್ತಿಕೊಳ್ಳುತ್ತದೆ. ಒಂದು ಕಡೆ ಕಂಪ್ರೆಸರ್ ತಂಪು ಮಾಡುತ್ತದೆ, ಇನ್ನೊಂದು ಕಡೆ ಹೀಟರ್ ಬಿಸಿ ಮಾಡುತ್ತದೆ, ಎರಡಕ್ಕೂ ಬ್ಯಾಟರಿಯೇ ಕಾಸು ಕೊಡುತ್ತದೆ. ಮಗು ಚಿವುಟಿ ತೊಟ್ಟಿಲು ತೂಗುವುದು ಅಂದರೆ ಇದೇ. ನಮ್ಮ ಮನೆಯಾಕೆ ಆರು ತಿಂಗಳು ಹೀಗೆ ಓಡಿಸಿದಳು. ಅವಳು ಓಡಿಸಿದ ದಿನವೇ ಯಾಕೆ ಕಡಿಮೆ ಬರುತ್ತದೆ ಎಂದು ನಾನು ಅವಳ ಡ್ರೈವಿಂಗನ್ನು ಬೈಯುತ್ತಿದ್ದೆ. ನೋಟ್‌ಬುಕ್ಕು ನೋಡಿ ಕ್ಷಮೆ ಕೇಳಬೇಕಾಯಿತು. ಚಳಿಯಾದರೆ ಫ್ಯಾನ್ ಒಂದು ಪಾಯಿಂಟ್ ಇಳಿಸಿ, ಇಲ್ಲವೇ ಎಸಿ ಬಟನ್ ಆರಿಸಿ ಹತ್ತು ನಿಮಿಷ ಬಿಟ್ಟು ಹಾಕಿ.

ಪ್ರಶ್ನೆ: ನಮಸ್ಕಾರ್ರಿ. ಮೇ ತಿಂಗಳಾಗ ನಮ್ಮೂರು ಕಾದ ಹಂಚು. ರಾತ್ರಿ 9ಕ್ಕ ಚಾರ್ಜಿಗೆ ಹಚ್ಚಿದ್ರ ಕಾರಿನ ಮುಂದಿನ ಫ್ಯಾನ್ ಜೋರ್ ಜೋರ್ ತಿರಗತದ. ಕೀಲಿ ಹಾಕಿದ ಗಾಡಿ ಒಳಗ ಯಾರ್ ಕುಂತಾರ ಅಂತ ನಮ್ಮವ್ವ ಅಂಜತಾಳ. ಏನರ ಕೆಟ್ಟದೇನ್ರಿ? (ಓದುಗರು, ಕಲಬುರಗಿ)

ಅವ್ವನಿಗೆ ಹೇಳಿ, ಒಳಗೆ ಯಾರೂ ಇಲ್ಲ, ಗಾಡಿ ಬ್ಯಾಟರಿಗೆ ಗಾಳಿ ಹಾಕಿಕೊಳ್ಳುತ್ತಿದೆ. ಆ ಶಬ್ದ ಬಂದರೆ ಸಮಾಧಾನ. 43 ಡಿಗ್ರಿ ಬಿಸಿಲಲ್ಲಿ ಓಡಿ ಬಂದ ಗಾಡಿ ಚಾರ್ಜಾಗುವಾಗ ಒಂದು ಸಲವೂ ಫ್ಯಾನ್ ಸದ್ದು ಮಾಡಲಿಲ್ಲ ಎಂದಿದ್ದರೆ ನಾನು ಯೋಚನೆ ಮಾಡುತ್ತಿದ್ದೆ.

ಲಿಥಿಯಂ ಬ್ಯಾಟರಿಗೆ ಮನುಷ್ಯರಿಗೆ ಹಿತವಾದ ಹವೆಯೇ ಹಿತ, ಸುಮಾರು 15ರಿಂದ 35 ಡಿಗ್ರಿ. ಅದನ್ನು ಆ ಮಟ್ಟದಲ್ಲಿಡಲು ಕಾರುಗಳಲ್ಲಿ ಮೂರು ದಾರಿ ಇವೆ. ಕೆಲವು ಬ್ಯಾಟರಿಯನ್ನು ಅದರ ಪಾಡಿಗೆ ಬಿಟ್ಟುಬಿಡುತ್ತವೆ, ಹೊರಗಿನ ಗಾಳಿ ತಾಗಿದಷ್ಟೇ ತಂಪು. ಕೆಲವು ಬ್ಯಾಟರಿಯ ತಳದಲ್ಲಿ ಕೂಲಂಟ್ ನೀರು ಹರಿಸಿ ಮುಂದಿನ ರೇಡಿಯೇಟರಿನಲ್ಲಿ ತಣಿಸುತ್ತವೆ. ಇನ್ನು ಕೆಲವು ಆ ನೀರನ್ನು ಎಸಿಯ ಗ್ಯಾಸಿನಿಂದಲೇ ತಂಪು ಮಾಡುತ್ತವೆ, ಅದಕ್ಕೆ ಚಿಲ್ಲರ್ ಎನ್ನುತ್ತಾರೆ. ಯಾಕೆಂದರೆ ಹೊರಗೇ 43 ಇದ್ದಾಗ ರೇಡಿಯೇಟರಿನ ಫ್ಯಾನ್ ಎಷ್ಟು ತಿರುಗಿದರೂ 43ಕ್ಕಿಂತ ಕೆಳಗೆ ಇಳಿಸಲಾರದು. ನಿಮ್ಮ ಗಾಡಿಯಲ್ಲಿ ಚಿಲ್ಲರ್ ಇದ್ದರೆ ಒಂದು ವಿಷಯ ನೆನಪಿಡಿ: ಎಸಿ ಗ್ಯಾಸ್ ಸೋರಿದರೆ ಸೆಕೆ ನಿಮಗೊಬ್ಬರಿಗೇ ಅಲ್ಲ, ಬ್ಯಾಟರಿಗೂ ಜ್ವರ. ಪೆಟ್ರೋಲ್ ಗಾಡಿಯಲ್ಲಿ ‘ಎಸಿ ಮುಂದಿನ ತಿಂಗಳು ಮಾಡಿಸಿದರಾಯಿತು’ ಎನ್ನುತ್ತಿದ್ದೆವಲ್ಲ, ಆ ಮಾತು ಇಲ್ಲಿ ನಡೆಯದು.

ಈಗ ನಿಮ್ಮ ಊರಿಗೆ ಬರೋಣ. ಓಡಿ ಬಂದ ಕೂಡಲೇ ಪ್ಲಗ್ ಚುಚ್ಚಬೇಡಿ. ಬ್ಯಾಟರಿ ನೂರಾರು ಕಿಲೋ ತೂಕದ ಲೋಹದ ಪೆಟ್ಟಿಗೆ, ಅದು ಬೇಗ ಬಿಸಿಯಾಗುವುದಿಲ್ಲ, ಬೇಗ ಆರುವುದೂ ಇಲ್ಲ. ಊಟ ಮಾಡಿ, ಅಂಗಳದಲ್ಲಿ ಕೂತು, ಮಲಗುವ ಹೊತ್ತಿಗೆ ಹಚ್ಚಿ. 15 ಆಂಪಿಯರ್ ಸಾಕೆಟ್ಟಿನಲ್ಲಿ ಸಣ್ಣ ಬ್ಯಾಟರಿ ಪೂರ್ತಿ ತುಂಬಲು ಸುಮಾರು ಏಳು ಗಂಟೆ. ದಿನಾ ಅರ್ಧ ತುಂಬಿದರೆ ಸಾಕು ಎನ್ನುವವರಿಗೆ ಮೂರೂವರೆ ಗಂಟೆ. ಗೀಸರ್‌ಗೆ ಹಾಕುವ ಟೈಮರ್ ಸ್ವಿಚ್ಚನ್ನು ಚಾರ್ಜಿಂಗ್ ಪಾಯಿಂಟಿಗೆ ಹಾಕಿಸಿಕೊಂಡಿದ್ದೇನೆ, 16 ಆಂಪಿಯರ್ ತಡೆಯುವಂಥದ್ದು. ಬೆಳಗಿನ 3ಕ್ಕೆ ಶುರುವಾಗಿ 7ಕ್ಕೆ ನಿಲ್ಲುತ್ತದೆ. ಕಲಬುರಗಿಯಲ್ಲೂ ನಾಲ್ಕು ಗಂಟೆಯ ಹೊತ್ತಿಗೆ ಒಂದಿಷ್ಟು ತಂಪಿರುತ್ತದೆ.

ಇನ್ನೂ ದೊಡ್ಡ ಶತ್ರು ಓಡಾಟವಲ್ಲ, ನಿಲ್ಲಿಸಿಡುವುದು. 100 ತುಂಬಿಸಿ, ಬಿಸಿಲಲ್ಲಿ ನಿಲ್ಲಿಸಿ, ಮದುವೆಗೆಂದು ನಾಲ್ಕು ದಿನ ಹೋಗಿಬಿಡುವುದು. ಬ್ಯಾಟರಿಯೊಳಗೆ ಸವೆತ ತರುವ ರಾಸಾಯನಿಕ ಕ್ರಿಯೆಗಳು ಹತ್ತು ಡಿಗ್ರಿ ಏರಿದರೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತವೆ. ತುಂಬಿದ ಬ್ಯಾಟರಿಯಲ್ಲಿ ಅವು ಇನ್ನೂ ಚುರುಕು. ಬೇಸಿಗೆಯಲ್ಲಿ ಊರಿಗೆ ಹೋಗುವಾಗ 40–50ರಲ್ಲಿ ಬಿಟ್ಟು, ಬೇವಿನ ಮರದಡಿ ನಿಲ್ಲಿಸಿ ಹೋಗಿ. ಕಾಗೆ ಮಾಡುವ ಗಲೀಜು ತೊಳೆದುಕೊಳ್ಳಬಹುದು.

ಧೂಳೆಂದು ಕವರ್ ಮುಚ್ಚಿ ಚಾರ್ಜಿಗೆ ಹಚ್ಚುವುದನ್ನು ಬಿಡಿ. ಆ ಫ್ಯಾನಿಗೆ ಗಾಳಿ ಎಲ್ಲಿಂದ ಬರಬೇಕು? ಬಾನೆಟ್ ಎತ್ತಿದಾಗ ಕಾಣುವ ಕೂಲಂಟ್ ಡಬ್ಬದ ಮಟ್ಟವನ್ನು ತಿಂಗಳಿಗೊಮ್ಮೆ ನೋಡಿ. ಇಳಿದಿದ್ದರೆ ಬೋರ್‌ವೆಲ್ ನೀರು ಸುರಿಯಬೇಡಿ. ಕಂಪನಿ ಹೇಳಿದ ಕೂಲಂಟೇ ಆಗಬೇಕು, ಇಳಿದದ್ದು ಯಾಕೆಂದೂ ಕೇಳಬೇಕು.

ಪ್ರಶ್ನೆ: ಕಿಟಕಿಗೆ ಸಿಕ್ಕಿಸುವ ಸೋಲಾರ್ ಫ್ಯಾನ್ ಆನ್‌ಲೈನಿನಲ್ಲಿ ಬರುತ್ತದಲ್ಲ, ನಿಲ್ಲಿಸಿದ ಗಾಡಿ ತಂಪಾಗಿರುತ್ತದೆಯೇ? (ಓದುಗರು, ಬಳ್ಳಾರಿ)

ಇಲ್ಲ. ಬಿಸಿಗಾಳಿ ತೆಗೆದು ಬಿಸಿಗಾಳಿ ತುಂಬುತ್ತದೆ. ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಪರದೆ ಹಾಕಿ. ಹೊರಡುವ ಮುಂಚೆ ನಾಲ್ಕೂ ಬಾಗಿಲು ಒಂದು ನಿಮಿಷ ತೆರೆದಿಡಿ. ಫ್ಯಾನಿನ ದುಡ್ಡಿಗೆ ಎಳನೀರು ಕುಡಿಯಿರಿ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಮಳೆಗಾಲದಲ್ಲಿ ಗಾಜೆಲ್ಲ ಮಂಜು ಕಟ್ಟಿ ದಾರಿಯೇ ಕಾಣುವುದಿಲ್ಲ. ಬೇಸ್ ಮಾಡೆಲ್ ಆದ್ದರಿಂದ ಹಿಂದಿನ ಗಾಜಿಗೆ ಮಂಜು ಕರಗಿಸುವ ಡಿಫಾಗರ್ ಇಲ್ಲ. ಹೀಟರ್ ಹಾಕಿದರೆ ಚಾರ್ಜ್ ಇಳಿಯುತ್ತದೆ ಎಂದು ಭಯ. ವಾರಕ್ಕೊಮ್ಮೆ ಸಂಪಾಜೆ ಘಾಟಿ ಇಳಿದು ತವರಿಗೆ ಹೋಗಬೇಕು. (ಓದುಗರು, ಮಡಿಕೇರಿ)

ಮೇಡಂ, ಮೇಲೆ ಬೆಂಗಳೂರಿನವರಿಗೆ ಏನು ಮಾಡಬೇಡಿ ಎಂದೆನೋ ಅದನ್ನೇ ನೀವು ಮಾಡಬೇಕು. ಎಸಿ ಮತ್ತು ಹೀಟರ್ ಎರಡನ್ನೂ ಒಟ್ಟಿಗೆ ಹಾಕಿ.

ಗಾಜಿನ ಮೇಲಿನ ಮಂಜು ನಿಮ್ಮ ಉಸಿರಿನ, ಒದ್ದೆ ಕೊಡೆಯ, ಕಾಲಡಿಯ ಮ್ಯಾಟಿನ ನೀರು. ಬರೀ ಹೀಟರ್ ಹಾಕಿದರೆ ಗಾಳಿ ಬಿಸಿಯಾಗುತ್ತದೆ, ನೀರು ಗಾಡಿಯೊಳಗೇ ಸುತ್ತುತ್ತದೆ. ಎಸಿಯ ಕಾಯಿಲ್ ತಣ್ಣಗಿರುವುದರಿಂದ ಗಾಳಿಯ ತೇವ ಅದರ ಮೇಲೆ ಕೂತು, ಪೈಪಿನಲ್ಲಿ ಇಳಿದು ರಸ್ತೆಗೆ ಹೋಗುತ್ತದೆ. ಹಾಗೆ ಒಣಗಿದ ಗಾಳಿಯನ್ನು ಸ್ವಲ್ಪ ಬೆಚ್ಚಗೆ ಮಾಡಿ ಗಾಜಿಗೆ ಬಿಟ್ಟರೆ ಎರಡು ನಿಮಿಷದಲ್ಲಿ ತಿಳಿಯಾಗುತ್ತದೆ. ತಿಳಿಯಾದ ಕೂಡಲೇ ಹೀಟರ್ ಇಳಿಸಿ, ಎಸಿಯನ್ನು ಸಣ್ಣಗೆ ಬಿಡಿ. ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಆಫ್ ಇರಲಿ. ಹೊರಗೆ ಮಳೆ ಬರುತ್ತಿದೆ, ಹೊರಗಿನ ಗಾಳಿ ಒದ್ದೆಯಲ್ಲವೇ ಎಂದು ಕೇಳಬಹುದು. ನಿಜ, ಆದರೂ ನಾಲ್ಕು ಜನ ಉಸಿರಾಡುವ ಒಳಗಿನದಕ್ಕಿಂತ ವಾಸಿ. ಹಿಂದಿನ ಗಾಜಿಗೆ ಸೀಟಿನ ಪಕ್ಕ ಒಂದು ಹಳೆಯ ಪಂಚೆ ತುಂಡು. ಬೇರೆ ಉಪಾಯ ನನಗೆ ಹೊಳೆದಿಲ್ಲ.

ಹೀಟರಿನ ಭಯ ಪೂರ್ತಿ ಸುಳ್ಳಲ್ಲ. ಪೆಟ್ರೋಲ್ ಎಂಜಿನ್ ಇಂಧನದ ಮುಕ್ಕಾಲು ಭಾಗವನ್ನು ಶಾಖವಾಗಿ ಹಾಳು ಮಾಡುವ ಯಂತ್ರ. ಅದಕ್ಕೇ ಅದರ ಹೀಟರ್ ಬಿಟ್ಟಿ. ನಮ್ಮ ಮೋಟಾರು ನೂರರಲ್ಲಿ ತೊಂಬತ್ತನ್ನು ಚಕ್ರಕ್ಕೇ ಕೊಡುತ್ತದೆ, ಬಿಟ್ಟಿ ಶಾಖ ಎಲ್ಲಿಂದ ಬರಬೇಕು? ಹಾಗಾಗಿ ಪಿಟಿಸಿ ಎಂಬ ಪಿಂಗಾಣಿ ಬಿಲ್ಲೆಗಳ ಹೀಟರ್ ಇಟ್ಟಿರುತ್ತಾರೆ, ಬೇರಿಯಂ ಟೈಟನೇಟ್ ಎಂಬ ವಸ್ತುವಿನದ್ದು. ಬಿಸಿಯೇರಿದಂತೆ ಅದೇ ಕರೆಂಟನ್ನು ಕಡಿಮೆ ಮಾಡಿಕೊಳ್ಳುತ್ತದೆ, ಕೆಂಪಗೆ ಕಾದು ಬೆಂಕಿ ಹತ್ತುವ ಅಪಾಯ ಕಡಿಮೆ. ಆದರೆ ಒಂದು ಯೂನಿಟ್ ಶಾಖಕ್ಕೆ ಒಂದು ಯೂನಿಟ್ ಕರೆಂಟು, ರಿಯಾಯಿತಿ ಇಲ್ಲ. ಮಡಿಕೇರಿಯ ಚಳಿಗೆ ಒಂದು ಸ್ವೆಟರ್ ಹಾಕಿಕೊಂಡು ಹೀಟರನ್ನು ಗಾಜಿಗಷ್ಟೇ ಬಳಸಿದರೆ ನಿಮ್ಮ ಖರ್ಚು ಲೆಕ್ಕಕ್ಕೇ ಸಿಗುವುದಿಲ್ಲ.

ನೀವು ಕೇಳದಿದ್ದ ಒಂದು ಮಾತು ಇದೆ, ಅದೇ ಮುಖ್ಯ. ಘಾಟಿ ಇಳಿಯುವ ದಿನ 100 ತುಂಬಿಸಿ ಹೊರಡಬೇಡಿ. ಎಲೆಕ್ಟ್ರಿಕ್ ಗಾಡಿ ಇಳಿಜಾರಿನಲ್ಲಿ ಮೋಟಾರನ್ನೇ ಡೈನಮೋ ಮಾಡಿಕೊಂಡು ತಡೆಯುತ್ತದೆ, ಆ ಕರೆಂಟು ಬ್ಯಾಟರಿಗೆ ಹೋಗುತ್ತದೆ. ತುಂಬಿದ ಕೊಡಕ್ಕೆ ಇನ್ನೆಲ್ಲಿ ಸುರಿಯುವುದು? ಆಗ ಗಾಡಿ ಆ ತಡೆಯನ್ನು ಕಡಿಮೆ ಮಾಡಿಬಿಡುತ್ತದೆ, ಪೂರ್ತಿ ಭಾರ ಕಾಲಡಿಯ ಬ್ರೇಕಿನ ಮೇಲೆ ಬೀಳುತ್ತದೆ. ದಿನಾ ಇರುವ ಹಿಡಿತ ಇವತ್ತು ಯಾಕಿಲ್ಲ ಎಂದು ತಿರುವಿನಲ್ಲಿ ಗಾಬರಿಯಾಗಬಾರದು. 85ರಲ್ಲಿ ಹೊರಡಿ. ಜನರೂ ಸೇರಿ 1,300 ಕಿಲೋ ತೂಗುವ ಗಾಡಿ ಸಾವಿರ ಮೀಟರ್ ಇಳಿದರೆ ಅದರೊಳಗಿನ ಶಕ್ತಿ ಮೂರೂವರೆ ಯೂನಿಟ್. ಅದರಲ್ಲಿ ಎರಡು ಯೂನಿಟ್ಟಾದರೂ ವಾಪಸು ಸಿಗಬಹುದು. ಹತ್ತಿ ಬರುವಾಗ ಮಾತ್ರ ಆ ಮೂರೂವರೆಯನ್ನೂ, ಅದರ ಮೇಲಿನದನ್ನೂ ಗಾಡಿ ನಿಮ್ಮಿಂದ ಕಟ್ಟಿಸಿಕೊಳ್ಳುತ್ತದೆ. ತವರಿನಿಂದ ಹೊರಡುವಾಗ ಸಮತಟ್ಟು ದಾರಿಯ ಲೆಕ್ಕದ ಮೇಲೆ ನಾಲ್ಕು ಯೂನಿಟ್ ಹೆಚ್ಚಿಗೆ ಇಟ್ಟುಕೊಳ್ಳಿ. ಡಬ್ಬಿಯಲ್ಲಿ ಅಮ್ಮ ಕಟ್ಟಿಕೊಡುವುದರ ತೂಕ ನಾನು ಸೇರಿಸಿಲ್ಲ.

ಪ್ರಶ್ನೆ: ಟಾಪ್ ಮಾಡೆಲ್‌ನವರು ಫೋನಿನಲ್ಲಿ ಬ್ಯಾಟರಿ ಹೆಲ್ತ್ ನೋಡುತ್ತಾರೆ. ನನ್ನ ಬೇಸ್ ಮಾಡೆಲಿಗೆ ಎರಡು ವರ್ಷವಾಯಿತು. ಬ್ಯಾಟರಿ ಎಷ್ಟು ಸವೆದಿದೆ ಎಂದು ತಿಳಿಯುವುದು ಹೇಗೆ? 80ಕ್ಕೆ ನಿಲ್ಲಿಸಬೇಕೆಂದು ಒಬ್ಬರು, 100 ಮಾಡಲೇಬೇಕೆಂದು ಶೋರೂಮಿನವರು ಹೇಳುತ್ತಾರೆ. (ಓದುಗರು, ದಾವಣಗೆರೆ)

ಈ ತಿಂಗಳ ಒಳ್ಳೆಯ ಪ್ರಶ್ನೆ ಇದು. ಎರಡನೆಯದರಿಂದ ಶುರು ಮಾಡುತ್ತೇನೆ, ಅದು ತಿಳಿದರೆ ಮೊದಲನೆಯದು ಸುಲಭ.

2001ರಲ್ಲಿ ಬೆಂಗಳೂರಿನಲ್ಲಿ ರೇವಾ ಕಾರು ಬಂತು. ಬೊಮ್ಮಸಂದ್ರದಲ್ಲಿ ತಯಾರಾಗುತ್ತಿತ್ತು. ಸೀಟಿನಡಿ ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿ, ಒಟ್ಟು 48 ವೋಲ್ಟು. ಡಿಪೋದವರು ನಾವು ನೋಡಲು ಹೋಗಿದ್ದೆವು, ನಮ್ಮ ಬಸ್ಸಿನ ಬ್ಯಾಟರಿಯ ತಮ್ಮಂದಿರನ್ನೇ ಸಾಲಾಗಿ ಕೂರಿಸಿದ ಹಾಗಿತ್ತು. ಅದನ್ನು ‘ಮಾನಿಟರ್’ ಮಾಡುವುದೆಂದರೆ ಡಿಸ್ಟಿಲ್ಡ್ ವಾಟರ್ ಹಾಕುವುದು, ಹೈಡ್ರೋಮೀಟರ್ ಅದ್ದಿ ನೋಡುವುದು. ಆಸಿಡ್ಡಿನ ಸಾಂದ್ರತೆಯೇ ಚಾರ್ಜ್ ಎಷ್ಟಿದೆ ಎಂದು ಹೇಳಿಬಿಡುತ್ತಿತ್ತು. ಲಿಥಿಯಂನಲ್ಲಿ ಅದ್ದಿ ನೋಡುವ ಮಾತಿಲ್ಲ. ಹೊರಗಿನಿಂದ ಸಿಗುವುದು ವೋಲ್ಟೇಜ್, ಕರೆಂಟು, ಟೆಂಪರೇಚರ್, ಇಷ್ಟೇ.

ಅದರಲ್ಲೂ ಲಿಥಿಯಂನಲ್ಲಿ ಎರಡು ಜಾತಿ ಹೆಚ್ಚು. ನಿಕಲ್ ಇರುವ ಎನ್‌ಎಂಸಿ, ಕಬ್ಬಿಣ ಮತ್ತು ಫಾಸ್ಫೇಟಿನ ಎಲ್‌ಎಫ್‌ಪಿ. ಎನ್‌ಎಂಸಿಯಲ್ಲಿ ಚಾರ್ಜ್ ಇಳಿದಂತೆ ವೋಲ್ಟೇಜೂ ಇಳಿಯುತ್ತದೆ, ನೋಡಿ ಹೇಳಬಹುದು. ಎಲ್‌ಎಫ್‌ಪಿ ಹಾಗಲ್ಲ, 30ರಿಂದ 80ರವರೆಗೆ ಒಂದು ಸೆಲ್ಲು (ಇಡೀ ಬ್ಯಾಟರಿ ಇಂಥ ಸಣ್ಣ ಸೆಲ್ಲುಗಳ ಸಾಲು) 3.2–3.3 ವೋಲ್ಟಿನಲ್ಲಿ ಮುಖ ಗಂಟಿಕ್ಕಿ ಕೂತಿರುತ್ತದೆ. ಆದ್ದರಿಂದ ಗಾಡಿಯೊಳಗಿನ ಕಂಪ್ಯೂಟರ್, ಅದಕ್ಕೆ ಬಿಎಂಎಸ್ ಎನ್ನುತ್ತಾರೆ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಇಡುತ್ತದೆ. ಒಳಗೆ ಬಂದ ಕರೆಂಟು ಜಮಾ, ಹೊರಗೆ ಹೋದದ್ದು ಖರ್ಚು. ದಿನಕ್ಕೆ ನಾಲ್ಕಾಣೆಯ ತಪ್ಪಾದರೂ ತಿಂಗಳಿಗೆ ದೊಡ್ಡದಾಗುತ್ತದೆ. 100ಕ್ಕೆ ತುಂಬಿದಾಗ ವೋಲ್ಟೇಜ್ ಜಿಗ್ಗನೆ ಏರುತ್ತದಲ್ಲ, ಆಗ ಪುಸ್ತಕ ಚುಕ್ತಾ ಆಗಿ ಹೊಸ ಪುಟ ಶುರು. ಸೆಲ್ಲುಗಳನ್ನು ಸರಿಸಮ ಮಾಡುವ ಕೆಲಸವೂ ಸಾಮಾನ್ಯವಾಗಿ ಆ ಕೊನೆಯ ಹಂತದಲ್ಲೇ. ಅದಕ್ಕೇ ಎಲ್‌ಎಫ್‌ಪಿಗೆ ‘ಆಗಾಗ 100 ಮಾಡಿ, ನಿಧಾನದ ಚಾರ್ಜರಿನಲ್ಲಿ ಮಾಡಿ’ ಎನ್ನುವುದು, ಎನ್‌ಎಂಸಿಗೆ ‘ದಿನಾ 80 ಸಾಕು’ ಎನ್ನುವುದು. ಶೋರೂಮಿನವರೂ ಸರಿ, ನಿಮಗೆ ಹೇಳಿದ ಇನ್ನೊಬ್ಬರೂ ಸರಿ, ನಿಮ್ಮದು ಯಾವ ಜಾತಿ ಎಂದು ಕೈಪಿಡಿ ನೋಡಿಕೊಳ್ಳಿ. ಎಲ್‌ಎಫ್‌ಪಿ ಆಗಿದ್ದು ಎರಡು ತಿಂಗಳು 80 ದಾಟಿಸದಿದ್ದರೆ ಒಂದು ದಿನ 18 ಎಂದು ತೋರಿಸುತ್ತಿದ್ದದ್ದು ಏಕಾಏಕಿ 9 ಆಗಬಹುದು. ನನಗೇ ಆಗಿದೆ, ಸಿದ್ಧಗಂಗಾ ಮಠದ ತಿರುವಿನಲ್ಲಿ. ಬ್ಯಾಟರಿ ಹಾಳಾಗಿರಲಿಲ್ಲ, ಲೆಕ್ಕ ತಪ್ಪಿತ್ತು.

ಈಗ ಸವೆತ. ಚಾರ್ಜಿಂಗ್ ಪಾಯಿಂಟಿಗೆಂದೇ ಒಂದು ಡಿಜಿಟಲ್ ಸಬ್ ಮೀಟರ್ ಹಾಕಿಸಿ. ವರ್ಷಕ್ಕೊಮ್ಮೆ ಒಂದೇ ತಿಂಗಳಲ್ಲಿ, ಹಿಂದಿನ ವಾರ ಒಮ್ಮೆ 100 ಮಾಡಿ, ಗಾಡಿಯನ್ನು 20ಕ್ಕೆ ಇಳಿಸಿ, ರಾತ್ರಿ ತಣಿಯಲು ಬಿಟ್ಟು, ಬೆಳಗ್ಗೆ ಅದೇ ಸಾಕೆಟ್ಟಿನಲ್ಲಿ 80ರವರೆಗೆ ತುಂಬಿಸಿ ಮೀಟರ್ ಓದಿ. 2023ರ ಆಗಸ್ಟಿನಲ್ಲಿ ನನ್ನ ಗಾಡಿ ಗೋಡೆಯಿಂದ ಎಳೆದದ್ದು 13 ಯೂನಿಟ್. ಗೋಡೆಯಿಂದ ಬ್ಯಾಟರಿಗೆ ಹೋಗುವಷ್ಟರಲ್ಲಿ ನೂರಕ್ಕೆ 10–15 ಚಾರ್ಜರಿನ ಬಿಸಿಯಲ್ಲಿ ಹೋಗುತ್ತದೆ. 12 ತೆಗೆದರೆ ಉಳಿದದ್ದು 11.4. ಅದು ಬ್ಯಾಟರಿಯ 60 ಭಾಗ, ಪೂರ್ತಿಗೆ 19ರ ಸುತ್ತ. 2025ರ ಆಗಸ್ಟಿನಲ್ಲಿ ಅದೇ ಪರೀಕ್ಷೆಗೆ 12.4 ಯೂನಿಟ್, ಪೂರ್ತಿಗೆ 18.2. ಎರಡು ವರ್ಷಕ್ಕೆ ನೂರಕ್ಕೆ ಐದರ ಹತ್ತಿರ ಸವೆದಿದೆ. ಇದರಲ್ಲಿ ಎರಡು ಮೂರು ಆಚೀಚೆ ಆಗಬಹುದು, ಅದಕ್ಕೇ ಒಂದು ಸಲದ ಅಂಕಿ ನೋಡಿ ಅಳಬೇಡಿ, ಹಿಗ್ಗಲೂಬೇಡಿ. ‘ಇನ್ನು ಇಷ್ಟು ಕಿಲೋಮೀಟರ್’ ಎಂಬ ಡ್ಯಾಶ್‌ಬೋರ್ಡಿನ ಅಂಕಿಯನ್ನಂತೂ ಇದಕ್ಕೆ ಬಳಸಲೇಬೇಡಿ. ನೀವು ಇತ್ತೀಚೆಗೆ ಹೇಗೆ ಓಡಿಸಿದಿರಿ ಎಂಬುದರ ಪ್ರತಿಧ್ವನಿ ಅದು.

ಸೆಲ್ಲು ಸೆಲ್ಲಿನ ವೋಲ್ಟೇಜೇ ಬೇಕು ಎನ್ನುವ ಹುಡುಗರಿಗೆ ಸ್ಟೀರಿಂಗಿನ ಕೆಳಗಿನ ಒಬಿಡಿ ಪಾಯಿಂಟಿಗೆ (ಮೆಕ್ಯಾನಿಕ್‌ಗಳು ಗಾಡಿಯ ಕಂಪ್ಯೂಟರ್ ಓದುವ ಜಾಗ) ಸಿಕ್ಕಿಸುವ ಬ್ಲೂಟೂತ್ ಡಾಂಗಲ್ ಇದೆ. ನಿಮ್ಮ ಮಾಡೆಲಿಗೆ ಹೊಂದುವ ಆ್ಯಪ್ ಇದ್ದರೆ ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಸೆಲ್ಲಿನ ವೋಲ್ಟೇಜ್, ಬ್ಯಾಟರಿಯ ಟೆಂಪರೇಚರ್ ಕಾಣುತ್ತದೆ. ನೋಡಬೇಕಾದ್ದು ನಿಂತ ಗಾಡಿಯಲ್ಲಿ, ಅರ್ಧ ಚಾರ್ಜಿನಲ್ಲಿ. ಆಗ ಸೆಲ್ಲುಗಳ ನಡುವಿನ ಅಂತರ ಒಂದು ವೋಲ್ಟಿನ ನೂರನೇ ಒಂದೆರಡು ಭಾಗದಷ್ಟಿದ್ದರೆ ನಿದ್ದೆ ಮಾಡಿ. 100ರಲ್ಲೋ 5ರಲ್ಲೋ ನೋಡಿದರೆ ಎಲ್‌ಎಫ್‌ಪಿಯಲ್ಲಿ ಅಂತರ ದೊಡ್ಡದಾಗಿಯೇ ಕಾಣುತ್ತದೆ, ಅದು ಆ ಜಾತಿಯ ಗುಣ. ಒಂದೇ ನಂಬರಿನ ಸೆಲ್ಲು ಪ್ರತಿ ಸಲವೂ ಎಲ್ಲಕ್ಕಿಂತ ಹಿಂದೆ ಬೀಳುತ್ತಿದ್ದು, ಆ ಅಂತರ ತಿಂಗಳಿಂದ ತಿಂಗಳಿಗೆ ಹಿಗ್ಗುತ್ತಿದ್ದರೆ ಬರೆದಿಟ್ಟುಕೊಂಡು ಸರ್ವೀಸಿಗೆ ಹೋಗಿ. ಆ್ಯಪಿನಲ್ಲಿ ಓದಿ, ಏನನ್ನೂ ಬದಲಾಯಿಸಬೇಡಿ. ನೋಡಿ ಆದ ಮೇಲೆ ಡಾಂಗಲ್ ಕಿತ್ತಿಡಿ, ಯಾಕೆಂದು ಕೊನೆಯ ಉತ್ತರದಲ್ಲಿದೆ.

ಪ್ರಶ್ನೆ: ಮಗಳು ಕಾಲೇಜಿಗೆ ಹೋಗಿಬರಲು 2015ರ ನಿಸಾನ್ ಲೀಫ್ ‘ಎಸ್’ ಸೆಕೆಂಡ್ ಹ್ಯಾಂಡ್ ನೋಡಿದ್ದೇವೆ. ಹೋಗಿ ಬರಲು 45 ಕಿಲೋಮೀಟರ್. ಇಲ್ಲಿನ ಜನವರಿಗೆ ಆದೀತೇ? (ಓದುಗರು, ಮಿಷಿಗನ್, ಅಮೆರಿಕ)

ಮನೆಯಲ್ಲಿ ಚಾರ್ಜಿಂಗ್ ಇದ್ದರೆ ಆದೀತು, ಬಿಗಿಯಾಗಿ.

ಲೀಫಿನಲ್ಲಿ ‘ಎಸ್’ ಅಂದರೆ ಬೇಸ್ ಮಾಡೆಲ್. ಅದರ ಮೇಲಿನ ಎರಡು ಮಾಡೆಲುಗಳಲ್ಲಿ ಹೀಟ್ ಪಂಪ್ ಇದೆ, ಎಸಿಯನ್ನೇ ತಿರುಗುಮುರುಗು ಓಡಿಸಿ ಹೊರಗಿನ ಶಾಖವನ್ನು ಒಳಗೆ ತರುವ ಏರ್ಪಾಡು. ತೀರಾ ಚಳಿಯಿಲ್ಲದಾಗ ಒಂದು ಯೂನಿಟ್ ಕರೆಂಟಿಗೆ ಎರಡು ಮೂರು ಯೂನಿಟ್ ಶಾಖ ಕೊಡುತ್ತದೆ. ನಿಮ್ಮ ‘ಎಸ್’ನಲ್ಲಿ ಬರೀ ಪಿಟಿಸಿ ಹೀಟರ್, ಮಡಿಕೇರಿ ಮೇಡಂಗೆ ಹೇಳಿದ್ದೇ. ವ್ಯತ್ಯಾಸವೆಂದರೆ ಅಲ್ಲಿ ಅದು ಗಾಜಿಗೆ, ನಿಮ್ಮಲ್ಲಿ ಜೀವಕ್ಕೆ. ಚಳಿಯಲ್ಲಿ ಶುರುವಿಗೆ ಮೂರರಿಂದ ಐದು ಕಿಲೋವ್ಯಾಟ್ ಎಳೆಯುತ್ತದೆ. 24 ಯೂನಿಟ್ಟಿನ ಆ ಬ್ಯಾಟರಿಯಲ್ಲಿ ಸವೆತ ಕಳೆದು 17 ಯೂನಿಟ್ ಸಿಗುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 50ರ ವೇಗದಲ್ಲಿ ಮೋಟಾರಿಗೆ 9 ಕಿಲೋವ್ಯಾಟ್ ಹಿಡಿದರೆ 94 ಕಿಲೋಮೀಟರ್. ಹೀಟರಿಗೆ ಮೂರು ಸೇರಿಸಿ, 71 ಆಯಿತು. ಕೊರೆಯುವ ಚಳಿಯಲ್ಲಿ ಬ್ಯಾಟರಿ ಇನ್ನೂ ಕಡಿಮೆ ಕೊಡುತ್ತದೆ. 45ಕ್ಕೆ ಸಾಲುತ್ತದೆ, ದಾರಿಯಲ್ಲಿ ಗೆಳತಿಯ ಮನೆಗೆ ತಿರುಗಿದರೆ ಸಾಲದು.

ಎರಡು ಉಪಾಯ. ಬೆಳಗ್ಗೆ ಪ್ಲಗ್ ಚುಚ್ಚಿದ್ದಾಗಲೇ ಒಳಗೆ ಬೆಚ್ಚಗೆ ಮಾಡಿಕೊಂಡು ಹೊರಡಲಿ, ಮೊದಲ ಆ ದೊಡ್ಡ ಎಳೆತ ಗೋಡೆಯ ಕರೆಂಟಿನಲ್ಲಿ ಮುಗಿಯುತ್ತದೆ. ಸೀಟು ಬಿಸಿ ಮಾಡುವ ಸೌಲಭ್ಯವಿರುವ ಗಾಡಿ ಸಿಕ್ಕರೆ ಬಿಡಬೇಡಿ. ಇಡೀ ಗಾಡಿಯ ಗಾಳಿ ಬಿಸಿ ಮಾಡುವ ಬದಲು ಬೆನ್ನಿಗಷ್ಟೇ ಶಾಖ, ಒಂದು ಹಳೆಯ ಬಲ್ಬಿನಷ್ಟು ಕರೆಂಟು.

ಕೊಳ್ಳುವ ಮುಂಚೆ ನೋಡಬೇಕಾದ್ದು ಬಣ್ಣವಲ್ಲ, ಊರು. ಆ ವರ್ಷದ ಲೀಫಿನ ಬ್ಯಾಟರಿಗೆ ನೀರಿನ ತಂಪು ಇಲ್ಲ, ನಾನು ಕಲಬುರಗಿಯವರಿಗೆ ಹೇಳಿದ ಮೊದಲ ಜಾತಿ. ಅರಿಜೋನಾದ ಬಿಸಿಲಲ್ಲಿ ಬೆಳೆದ ಲೀಫಿಗೂ ಮಿಷಿಗನ್ನಿನಲ್ಲೇ ಇದ್ದ ಲೀಫಿಗೂ ಬಹಳ ವ್ಯತ್ಯಾಸವಿರುತ್ತದೆ. ಚಾರ್ಜ್ ತೋರಿಸುವ ಕಡ್ಡಿಗಳ ಪಕ್ಕ ಇನ್ನೊಂದು ಸಾಲು ಸಣ್ಣ ಕಡ್ಡಿಗಳಿವೆ, ಹೊಸದರಲ್ಲಿ 12. ಮೊದಲ ಕಡ್ಡಿ ಆರುವಷ್ಟರಲ್ಲಿ ನೂರಕ್ಕೆ ಸುಮಾರು 15 ಸವೆದಿರುತ್ತದೆ, ಆಮೇಲೆ ಒಂದೊಂದಕ್ಕೂ ಆರು ಚಿಲ್ಲರೆ. ಆದ್ದರಿಂದ ‘ಒಂದೇ ಕಡ್ಡಿ ಹೋಗಿದೆ’ ಎಂಬ ಮಾತಿಗೆ ಮರುಳಾಗಬೇಡಿ. ಲೀಫ್ ಸ್ಪೈ ಎಂಬ ಆ್ಯಪ್, ಒಂದು ಡಾಂಗಲ್ ತೆಗೆದುಕೊಂಡು ಹೋಗಿ, 96 ಜೋಡಿ ಸೆಲ್ಲುಗಳ ವೋಲ್ಟೇಜನ್ನೂ ಸಾಲಾಗಿ ತೋರಿಸುತ್ತದೆ. ಆ ಸಾಲಿನಲ್ಲಿ ಒಂದು ಹಲ್ಲು ಮುರಿದ ಹಾಗೆ ಕಂಡರೆ ಚಹಾ ಕುಡಿದು ಎದ್ದು ಬನ್ನಿ.

ಪ್ರಶ್ನೆ: ಎಸಿ ತಂಪು ಬರುತ್ತಿಲ್ಲ. ನಮ್ಮ ಬೀದಿಯ ಎಸಿ ಅಂಗಡಿಯಲ್ಲಿ ಗ್ಯಾಸ್ ತುಂಬಿಸಬಹುದೇ? (ಓದುಗರು, ಹಾಸನ)

ಆ ಅಂಗಡಿಯವನನ್ನು ಒಂದೇ ಪ್ರಶ್ನೆ ಕೇಳಿ: ‘ಯಾವ ಆಯಿಲ್ ಹಾಕ್ತೀಯಪ್ಪ?’ ಪೆಟ್ರೋಲ್ ಕಾರಿನ ಕಂಪ್ರೆಸರ್ ಬೆಲ್ಟಿನಿಂದ ತಿರುಗುತ್ತದೆ, ಅದಕ್ಕೆ ಸಾಮಾನ್ಯವಾಗಿ ಹಾಕುವುದು ಪಿಎಜಿ ಎಂಬ ಆಯಿಲ್. ಎಲೆಕ್ಟ್ರಿಕ್ ಕಾರಿನ ಕಂಪ್ರೆಸರಿನೊಳಗೆ ಮೋಟಾರೇ ಇದೆ, ನೂರಾರು ವೋಲ್ಟಿನದ್ದು, ಆ ಗ್ಯಾಸಿನಲ್ಲಿ ಆಯಿಲಿನಲ್ಲಿ ಮುಳುಗಿಕೊಂಡೇ ತಿರುಗುತ್ತದೆ. ಅದಕ್ಕೆ ಕರೆಂಟ್ ಹರಿಯಗೊಡದ ಪಿಒಇ ಜಾತಿಯ ಆಯಿಲೇ ಬೇಕು. ತಪ್ಪಿ ಪಿಎಜಿ ಸೇರಿದರೆ ಇನ್ಸುಲೇಷನ್ ಹೋಗಿ, ಎಸಿ ಕೆಡುವುದಿರಲಿ, ಇಡೀ ಗಾಡಿ ‘ಲೀಕೇಜ್’ ಎಂದು ಮುಷ್ಕರ ಹೂಡುತ್ತದೆ. ಹಿಂದಿನ ಕಾರಿಗೆ ಬಳಸಿದ ಪೈಪಿನಲ್ಲಿ ಉಳಿದಿರುವ ಆಯಿಲ್ ಕೂಡ ಬೇಡ. ಅವನಿಗೆ ಪ್ರಶ್ನೆ ಅರ್ಥವಾಗದಿದ್ದರೆ ನಮಸ್ಕಾರ ಹೇಳಿ ಬನ್ನಿ.

ಪ್ರಶ್ನೆ: ಮೂರು ವಾರ ಮುಂಬೈಯಲ್ಲಿದ್ದು ಬಂದೆವು. ಹೋಗುವಾಗ ಬ್ಯಾಟರಿ 70 ಇತ್ತು. ಬಂದು ನೋಡಿದರೆ ರಿಮೋಟಿಗೂ ಬಾಗಿಲು ತೆರೆಯುವುದಿಲ್ಲ. 70 ಎಲ್ಲಿ ಹೋಯಿತು? (ಓದುಗರು, ಉಡುಪಿ)

ಎಲ್ಲೂ ಹೋಗಿಲ್ಲ, ಅಲ್ಲೇ ಇದೆ. ಸತ್ತದ್ದು ಇನ್ನೊಂದು ಬ್ಯಾಟರಿ.

ಎಷ್ಟು ದೊಡ್ಡ ಲಿಥಿಯಂ ಪೆಟ್ಟಿಗೆ ಇದ್ದರೂ ಎಲೆಕ್ಟ್ರಿಕ್ ಕಾರುಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಒಂದು ಸಣ್ಣ ಬ್ಯಾಟರಿಯೂ ಇರುತ್ತದೆ. ಲಾಕು, ಲೈಟು, ಬಿಎಂಎಸ್ ಎಲ್ಲ ಅದರಿಂದ. ಗಾಡಿ ಆನ್ ಮಾಡಿದಾಗ ಟಕ್ ಎಂದು ಸದ್ದು ಬರುತ್ತದಲ್ಲ, ಅದು ದೊಡ್ಡ ಬ್ಯಾಟರಿಯನ್ನು ಗಾಡಿಗೆ ಸೇರಿಸುವ ಕಾಂಟ್ಯಾಕ್ಟರ್. ಅದನ್ನು ಎಳೆಯುವುದೂ ಆ ಸಣ್ಣ ಬ್ಯಾಟರಿಯೇ. ಉಗ್ರಾಣ ತುಂಬಿದೆ, ಬೀಗದ ಕೈ ಕಳೆದಿದೆ. ಬಹುಶಃ ಡ್ಯಾಶ್‌ಕ್ಯಾಮೋ ಡಾಂಗಲೋ ಸಿಕ್ಕಿಸಿಯೇ ಬಿಟ್ಟು ಹೋಗಿರುತ್ತೀರಿ, ಅದು ಮೂರು ವಾರ ತೊಟ್ಟು ತೊಟ್ಟು ಕುಡಿದಿದೆ.

ರಿಮೋಟಿನ ಹಿಂಭಾಗ ಎಳೆದರೆ ಸಾಮಾನ್ಯವಾಗಿ ಒಂದು ಕಬ್ಬಿಣದ ಕೀ ಬರುತ್ತದೆ, ಅದರಿಂದ ಡ್ರೈವರ್ ಬಾಗಿಲು ತೆರೆಯಿರಿ. ಬಾನೆಟ್ಟಿನ ಲಿವರ್ ತಂತಿಯದ್ದು, ಕರೆಂಟ್ ಬೇಡ. ಪಕ್ಕದ ಗಾಡಿಯಿಂದ 12 ವೋಲ್ಟಿಗೆ ಜಂಪರ್ ಕೇಬಲ್ ಕೊಡುವ ಕ್ರಮ ಕೈಪಿಡಿಯಲ್ಲಿದ್ದರೆ ಹಾಗೆ ಮಾಡಿ. ಕಿತ್ತಳೆ ಬಣ್ಣದ ಕೇಬಲ್ ಮಾತ್ರ ಮುಟ್ಟಬೇಡಿ, ಅದು ದೊಡ್ಡ ಬ್ಯಾಟರಿಯದ್ದು. ಗಾಡಿ ‘ರೆಡಿ’ ಆದ ಮೇಲೆ ದೊಡ್ಡ ಬ್ಯಾಟರಿಯೇ ಸಣ್ಣದನ್ನು ತುಂಬುತ್ತದೆ, ಒಂದೆರಡು ಗಂಟೆ ಹಾಗೇ ಬಿಡಿ. ಆದರೆ ಮರುದಿನ ಪಕ್ಕದ ಮನೆಯವರ ಪೆಟ್ರೋಲ್ ಕಾರು ಸ್ಟಾರ್ಟ್ ಆಗದಿದ್ದರೆ ನಿಮ್ಮ ಗಾಡಿಯಿಂದ ಕೇಬಲ್ ಕೊಡಬೇಡಿ. ಸ್ಟಾರ್ಟರ್ ಮೋಟಾರ್ ಎಳೆಯುವ ಕರೆಂಟು ಕೊಡಲು ಈ ಸಣ್ಣ ಬ್ಯಾಟರಿಯನ್ನು ಮಾಡಿಲ್ಲ.

ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸುವ ವೋಲ್ಟ್ ಮೀಟರ್ ಸಿಗುತ್ತದೆ. ಮೊಬೈಲ್ ಆ್ಯಪ್ ಇಲ್ಲದ ನನ್ನ ಗಾಡಿಯಲ್ಲಿ ಅದೊಂದೇ ಅಲಂಕಾರ. ಬೆಳಗ್ಗೆ ಗಾಡಿ ಆನ್ ಮಾಡುವ ಮುಂಚೆ 12.5ರ ಆಸುಪಾಸು, ರೆಡಿ ಆದ ಮೇಲೆ 13.5 ದಾಟಬೇಕು. ಆರಿಸಿದಾಗ 12ಕ್ಕಿಂತ ಕೆಳಗೆ ಎರಡು ದಿನ ಕಂಡರೆ ಮೂರನೆಯ ದಿನ ಬ್ಯಾಟರಿ ಅಂಗಡಿಗೆ ಹೋಗಿ. ರಿಮೋಟಿನೊಳಗಿನ ಆ ಕಬ್ಬಿಣದ ಕೀ ಹೊರಬರುತ್ತದೆಯೇ ಎಂದು ಇವತ್ತೇ ಎಳೆದು ನೋಡಿ. ನನ್ನದು ಮೊದಲ ಸಲ ಬರಲಿಲ್ಲ, ಅಡಿಕೆ ಕತ್ತರಿಯಿಂದ ಮೀಟಬೇಕಾಯಿತು.